ಹಲಗೆಯ ಹಿಂಬದಿ

"ಇಲ್ನೋಡೇ ಎಫಿ, ಕತ್ತೆಗೆ ಟೋಪಿ ಬೇರೆ ಹಾಕಿದಾರೆ!" ಟೀನಿ ಮಹಾಗನಿ ಹಲಗೆಯ ಹಿಂಬದಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನಗುತ್ತಿದ್ದಳು. "ಚಿತ್ರ ಕಾಣ್ಸುತ್ತೆ, ಅಕ್ಷರ ಕಾಣ್ಸಲ್ಲ. ಕನ್ನಡಕ ಒಡೆದು ಹದಿನೈದು ದಿನ ಆಯ್ತು. ಏನು ಬರ್ದಿದೆ ಓದು."

ಎಫಿ ಕೈಯಲ್ಲಿದ್ದ, ಹತ್ತಿಗೆ ಬಟ್ಟೆ ಸುತ್ತಿದ ಪಾಲಿಶ್ ಉಂಡೆಯನ್ನು ತಗಡಿನ ಡಬ್ಬಿಗೆ ಹಾಕಿ, ಒಣಗದ ಹಾಗೆ ಮುಚ್ಚಳ ಬಿಗಿದು, ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಬೆರಳು ಒರೆಸಿಕೊಳ್ಳುತ್ತ ಬಂದಳು. ಕತ್ತೆಯ ತಲೆಯ ಮೇಲೆ ಮೇಸ್ತ್ರಿಗಳು ಹಾಕುವ ಗಟ್ಟಿ ಕರಿ ಟೋಪಿ. ಅದರ ಕೆಳಗೆ ದಪ್ಪ ಸೀಸದ ಕಡ್ಡಿಯ ಬರಹ.

"'ನಮ್ಮ ಪ್ರೀತಿಯ ಮೇಸ್ತ್ರಿ ಗೆಮೆಲ್ ಅವರು. ನೋಡಿ ಬರೆದದ್ದು, ನವೆಂಬರ್ 1909.'"

"ಥೇಟ್ ಅವನೇ! ಕಿವಿ ಮಾತ್ರ ಸ್ವಲ್ಪ ಚಿಕ್ಕದಾಯ್ತು."

ಪೇಯ್ಸ್ಲಿ ಊರಿನ ಹೊಸ ಸಿನಿಮಾ ಮಂದಿರ ಶನಿವಾರ ತೆರೆಯಬೇಕಿತ್ತು. ಅವತ್ತು ಬುಧವಾರ. ಮೆಟ್ಟಿಲ ಮೇಲಿನ ಚಹಾ ಕೋಣೆಗೆ ಹಾಕಲೆಂದು ಯಜಮಾನ ಇಪ್ಪತ್ತೆರಡು ಹಲಗೆಗಳನ್ನು ಹರಾಜಿನಲ್ಲಿ ಹಿಡಿದಿದ್ದ. ಎಲ್ಲ 'ಮಾರ್ವೆನಿಯ' ಎಂಬ ಹಡಗಿನವು, ಮೊದಲ ದರ್ಜೆಯ ಗಂಡಸರು ಚುಟ್ಟ ಸೇದಲು ಕೂರುತ್ತಿದ್ದ ಕೋಣೆಯ ಗೋಡೆಯವು. ಹಡಗನ್ನು ದೇಶದ ಆ ಕಡೆಯ ಕರಾವಳಿಯಲ್ಲಿ ದಂಡೆಗೆಳೆದು ಒಡೆಯುತ್ತಿದ್ದರು. ಹಲಗೆಗಳು ಲಾರಿಯಲ್ಲಿ ಬಂದಾಗ ಮುಖವೆಲ್ಲ ಬೆಳ್ಳಗೆ ಮಂಕಾಗಿ, ಇಪ್ಪತ್ತನಾಲ್ಕು ವರ್ಷದ ಹೊಗೆ ಹೀರಿ ವಾಸನೆ ಹೊಡೆಯುತ್ತಿದ್ದವು. ಅವುಗಳ ಹಳೆ ಹೊಳಪು ವಾಪಸು ತರಲು ಯಾರಿದ್ದಾರೆ ಎಂದು ಹುಡುಕಿದಾಗ, ಹಡಗಿನ ಯಾರ್ಡಿನಲ್ಲಿ ಅರಗಿನ ಪಾಲಿಶ್ ಕಲಿತ ಈ ಇಬ್ಬರು ಹೆಂಗಸರ ಹೆಸರು ಬಂದಿತ್ತು. ಹಲಗೆ ಕೂರಿಸುವ ಬಡಗಿ ನಿನಿಯನ್ ಕೂಡ ಅದೇ ಯಾರ್ಡಿನವನು. ಯಾರ್ಡು ಬಾಗಿಲು ಹಾಕಿ ಮೂರು ವರ್ಷವಾಗಿತ್ತು.

ಯಾರ್ಡಿನ ಬಡಗಿಗಳಿಗೆ ಒಂದು ಅಭ್ಯಾಸವಿತ್ತು. ಹಲಗೆಯನ್ನು ಗೋಡೆಗೆ ಕೂರಿಸುವ ಮುಂಚೆ ಅದರ ಹಿಂಬದಿಯಲ್ಲಿ ಏನಾದರೂ ಗೀಚುವುದು. ಹೆಸರು, ತಾರೀಖು, ಶನಿವಾರದ ಚೆಂಡಾಟದಲ್ಲಿ ಯಾರು ಯಾರನ್ನು ಬಡಿದರು, ಮೇಸ್ತ್ರಿಯ ಮೇಲೆ ಒಂದು ಬೈಗುಳ. ಕೂರಿಸಿದ ಮೇಲೆ ಅದನ್ನು ಓದುವವರಿಲ್ಲ. ಹಡಗು ಮುಳುಗಿದರೆ ಮೀನು ಓದಬೇಕು, ಮುಳುಗದಿದ್ದರೆ ತಾವೆಲ್ಲ ಮಣ್ಣಾದ ಮೇಲೆ ಇನ್ಯಾರೋ. ಹಡಗಿಗೆ ತಮಗಿಂತ ಆಯುಷ್ಯ ಹೆಚ್ಚು ಎಂದು ಎಲ್ಲರೂ ಎಣಿಸಿದ್ದರು. ಅಷ್ಟು ಕಬ್ಬಿಣ, ಅಷ್ಟು ಮರ, ಮೂರು ಸಾವಿರ ಜನರ ಮೂರು ವರ್ಷದ ಬೆವರು. ಅದು ತಮ್ಮ ಕಣ್ಣೆದುರೇ ಗುಜರಿಯಾಗುತ್ತದೆ ಎಂದು ಯಾರು ಅಂದುಕೊಂಡಾರು?

"ಮುಂದಿಂದು ತಿರುಗ್ಸು," ಎಂದಳು ಟೀನಿ. "ಇಷ್ಟು ವರ್ಷದ ಮೇಲೆ ಸತ್ತೋರೆಲ್ಲ ಮಾತಾಡ್ತಿದಾರೆ. ಈ ಗೀಚಿರೋರಲ್ಲಿ ಅರ್ಧ ಜನ ಯುದ್ಧಕ್ಕೆ ಹೋಗಿ ಬರಲೇ ಇಲ್ಲ." ಹಲಗೆಗಳ ಸಾಲನ್ನೊಮ್ಮೆ ನೋಡಿ, "ನಿಮ್ಮಣ್ಣಂದೂ ಎಲ್ಲಾದ್ರೂ ಇರುತ್ತೇನೋ," ಎಂದಳು.

ಎಫಿ ಮುಂದಿನ ಹಲಗೆಯ ಅಂಚಿಗೆ ಕೈ ಹಾಕಿದಳು.

"ನಂಗೇನು ಬೇಜಾರಿಲ್ಲ ಕಣೆ. ನನ್ನ ಹಣೇಲಿ ಇದ್ದದ್ದೇ ಅದು. ಕಟ್ಕೊಂಡೋನು ಕುಡಿದು ಮನೆಗೆ ಬರ್ತಿದ್ದ, ಕಟ್ಕೋಬೇಕಾದೋನು ಕುಡಿದು ಮೇಲಿಂದ ಕೆಳಗೆ ಬಂದ. ಇಬ್ರೂ ನಂಗೇ ಗಂಟು." ಟೀನಿ ನಕ್ಕಳು. ಈ ಮಾತನ್ನು ಅವಳು ಎಷ್ಟು ಸಲ ಆಡಿದ್ದಳೆಂದರೆ, ಅದರ ಅಂಚುಗಳೆಲ್ಲ ಸವೆದು ನುಣ್ಣಗಾಗಿದ್ದವು.

ಎಫಿ ಮುಂದಿನ ಹಲಗೆ ತಿರುಗಿಸಿದಳು. ಅದರಲ್ಲಿ ಚಿತ್ರವಿರಲಿಲ್ಲ, ಬೈಗುಳವೂ ಇರಲಿಲ್ಲ. ಐದಾರು ಸಾಲು, ಸಣ್ಣ ಅಕ್ಷರ, ಒತ್ತಿ ಬರೆದದ್ದು. ಓದುವ ಮುಂಚೆಯೇ ಅದು ಯಾರ ಕೈ ಎಂದು ಅವಳಿಗೆ ಗೊತ್ತಾಯಿತು. ಆ ಕೈಯ ಬರಹವನ್ನು ಅವಳು ಇಪ್ಪತ್ತಮೂರು ವರ್ಷದಿಂದ ಅಂಗಡಿ ಚೀಟಿಗಳಲ್ಲಿ ನೋಡುತ್ತಿದ್ದಳು.

'ಲಾಕ್ಲನ್ ಪರ್ಡಿ ಡಿಸೆಂಬರ್ 31ರಂದು ಬಿದ್ದು ಸತ್ತ. ಅವನು ಕುಡಿದಿರಲಿಲ್ಲ. ಹಗ್ಗ ಕಟ್ಟದ ಸಾರುವೆಗೆ ಗೆಮೆಲ್ ಹತ್ತಿಸಿದ. ನಾನು ಪಕ್ಕದಲ್ಲೇ ಇದ್ದೆ. ವಿಚಾರಣೆಯಲ್ಲಿ ಬೇರೆ ಹೇಳಿದೆ. ದೇವರು ನನ್ನನ್ನು ಕ್ಷಮಿಸಲಿ. ಹೆಕ್ಟರ್ ಲೈಲ್, ಮಾರ್ಚ್ 1910.'

"ಏನಂತೆ?" ಎಂದಳು ಟೀನಿ.

"ಏನಿಲ್ಲ." ಎಫಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸಿತು. "ಹೆಸರು, ತಾರೀಖು."

"ಯಾರ ಹೆಸರು?"

"ಹೆಕ್ಟರಂದು."

"ನಿನ್ನ ಗಂಡಂದಾ! ಹಾಗಾದ್ರೆ ಅದಕ್ಕೊಂದು ಮುತ್ತು ಕೊಡು. ಮನೇಲಿ ಹೆಂಗೂ ಕೊಡಲ್ವಲ್ಲ," ಎಂದು ಟೀನಿ ತನ್ನ ಹಲಗೆಗೆ ಹೋದಳು.

ಎಫಿ ಹಲಗೆಯನ್ನು ಮುಖ ಮೇಲಾಗುವ ಹಾಗೆ ತಿರುಗಿಸಿದಳು. ಉಂಡೆಯನ್ನು ಅರಗಿಗೆ ಅದ್ದಿ, ಒಂದು ತೊಟ್ಟು ಎಣ್ಣೆ ಮುಟ್ಟಿಸಿ, ಸುತ್ತು ಸುತ್ತಾಗಿ ಕೈಯಾಡಿಸತೊಡಗಿದಳು. ಉಂಡೆಯನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಅಲ್ಲೇ ಅಂಟಿ ಕಲೆಯಾಗುತ್ತದೆ. ಅವಳು ನಿಲ್ಲಿಸಲಿಲ್ಲ. ಈ ಹಲಗೆಯ ಈ ಮುಖಕ್ಕೆ ಅವಳೇ ಹಿಂದೆ ಪಾಲಿಶ್ ಹಾಕಿದ್ದಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ, ತೋಳಿಗೆ ಅಣ್ಣನ ಸೂತಕದ ಕರಿಪಟ್ಟಿ. ಅಂಗೈಗೂ ಆ ಬರಹಕ್ಕೂ ನಡುವೆ ಒಂದು ಬೆರಳಿನ ದಪ್ಪದ ಮರವಿತ್ತು, ಅಷ್ಟೆ.

ಲಾಕ್ಲನ್, ಮನೆಯವರ ಬಾಯಲ್ಲಿ ಲಾಕಿ, ಹದಿನಾಲ್ಕನೇ ವರ್ಷದಲ್ಲಿ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿ ಸಹಿ ಹಾಕಿದವನು. ಆ ಕಾಗದಕ್ಕೆ ಅವರಮ್ಮ ಚೌಕಟ್ಟು ಹಾಕಿಸಿ, ನೀಲಿ ರಿಬ್ಬನ್ ಸಿಕ್ಕಿಸಿ, ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದಳು. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಹೆಂಗಸು ಅವಳು. ಮನೆಗೆ ಯಾರು ಬಂದರೂ ಮೊದಲು ಅದನ್ನು ತೋರಿಸುತ್ತಿದ್ದಳು. ಟೀನಿ ಅವನನ್ನು ಒಪ್ಪಿದ್ದೂ ಆ ಕಾಗದ ನೋಡಿಯೇ. ಕುಡುಕ ಅಪ್ಪನ ಕೈಯಲ್ಲಿ ಏಟು ತಿಂದು ಬೆಳೆದವಳು, ಇನ್ನೊಬ್ಬ ಕುಡುಕನ ಮನೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಜುಲೈ ರಜೆಯಲ್ಲಿ ಮದುವೆ ಎಂದು ಮಾತಾಗಿತ್ತು.

ವರ್ಷದ ಕೊನೆಯ ದಿನ ಮಧ್ಯಾಹ್ನದ ಮೇಲೆ ಯಾರ್ಡಿನಲ್ಲಿ ಕೆಲಸ ನಡೆಯುವುದು ಹೆಸರಿಗೆ ಮಾತ್ರ. ಎಲ್ಲರ ಅಂಗಿಯೊಳಗೂ ಒಂದು ಸೀಸೆ. ಅವತ್ತು ಹಡಗಿನ ದೊಡ್ಡ ಮೆಟ್ಟಿಲಿನ ಮೇಲೆ, ಗಾಜಿನ ಗುಮ್ಮಟದ ಕೆಳಗೆ ಕೆಲಸಕ್ಕೆ ನಿಲ್ಲಿಸಿದ್ದ ಸಾರುವೆಯ ಅಟ್ಟಣೆಯಿಂದ ಲಾಕಿ ಮೂರು ಅಂತಸ್ತು ಕೆಳಗೆ ಬಿದ್ದ. ಫೆಬ್ರುವರಿಯಲ್ಲಿ ವಿಚಾರಣೆ ನಡೆಯಿತು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಹೆಕ್ಟರ್ ಲೈಲ್ ಎಂಬ ಬಡಗಿ, ಲಾಕಿ ಬೆಳಗಿನಿಂದ ಕುಡಿದಿದ್ದನೆಂದೂ, ಮೇಸ್ತ್ರಿ ಬೇಡವೆಂದರೂ ಹಟಕ್ಕೆ ಬಿದ್ದು ಹತ್ತಿದನೆಂದೂ ಹೇಳಿದ. ವರ್ಷದ ಕೊನೆಯ ದಿನವಲ್ಲವೇ? ಎಲ್ಲರೂ ನಂಬಿದರು. ಆ ಸಂಜೆ ಅಮ್ಮ ಕುರ್ಚಿ ಹತ್ತಿ ಕಾಗದದ ಚೌಕಟ್ಟನ್ನು ಇಳಿಸಿ, ಮುಖ ಕೆಳಗಾಗಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಗೋಡೆಯಲ್ಲಿ ಉಳಿದ ಬಿಳಿ ಚೌಕದ ಮೇಲೆ ದಿನಸಿ ಅಂಗಡಿಯ ಕ್ಯಾಲೆಂಡರ್ ಬಂತು. ಆಮೇಲೆ ಮಗನ ಹೆಸರನ್ನು ಅವಳು ಬಾಯಿಗೆ ತಂದುಕೊಳ್ಳಲಿಲ್ಲ. ಯುದ್ಧ ಮುಗಿದ ಚಳಿಗಾಲದ ಜ್ವರದಲ್ಲಿ ಸಾಯುವಾಗ ಗಂಡನನ್ನು ಕರೆದಳು, ತೀರಿಹೋದ ತಂಗಿಯನ್ನು ಕರೆದಳು, ಲಾಕಿಯನ್ನು ಕರೆಯಲಿಲ್ಲ. ಟೀನಿ ಅವನು ಮಾಡಿಕೊಟ್ಟಿದ್ದ ಪುಟ್ಟ ಮರದ ಪೆಟ್ಟಿಗೆಯನ್ನು ವಿಚಾರಣೆಯ ಮರುದಿನವೇ ಅವರ ಮನೆ ಬಾಗಿಲಲ್ಲಿಟ್ಟು ಹೋಗಿದ್ದಳು.

ಎಫಿ ಮಾತ್ರ ಹೆಕ್ಟರನ ಮೇಲೆ ಸಿಟ್ಟು ಮಾಡಿಕೊಂಡಿರಲಿಲ್ಲ. ಸತ್ಯ ಹೇಳಿದವನ ಮೇಲೆ ಏನು ಸಿಟ್ಟು? ಆ ವಸಂತದಲ್ಲಿ ಅವಳು ಚುಟ್ಟದ ಕೋಣೆಯಲ್ಲಿ ಪಾಲಿಶ್ ಮಾಡುವಾಗ ಅವನು ದಿನಾ ಚಹಾದ ಕ್ಯಾನು ತಂದು ಅವಳ ಪಕ್ಕ ಇಟ್ಟು, ಏನೂ ಮಾತಾಡದೆ ಹೋಗುತ್ತಿದ್ದ. ಬಡಗಿಗಳು ಮರ ಉಜ್ಜಿದ ಸಿಪ್ಪೆಗೆ ಬೆಂಕಿ ಹಾಕಿ ಕಾಸುತ್ತಿದ್ದ ಕರಿ ಚಹಾ. ಮೂರು ವಾರ ಕಳೆದ ಮೇಲೆ ಅವಳೇ ಮಾತಾಡಿಸಿದಳು. ಮೇ ತಿಂಗಳಲ್ಲಿ ಮಾರ್ವೆನಿಯ ಹಡಗು ಕಹಳೆ ಕೂಗಿಸುತ್ತ ನದಿಗುಂಟ ಸಮುದ್ರದ ಕಡೆ ಹೊರಟಾಗ ದಡದಲ್ಲಿ ಇಬ್ಬರೂ ಜೊತೆಗೆ ನಿಂತಿದ್ದರು. ಮರುವರ್ಷ ಅವನು ಚಿಕ್ಕ ಮೇಸ್ತ್ರಿಯಾದ, ಮದುವೆಯೂ ಆಯಿತು.

ಆಮೇಲೆ ಹಡಗಿಗೂ ಬದುಕು ನಡೆಯಿತು, ಇವರಿಗೂ ನಡೆಯಿತು. ಅದು ಸಾಹುಕಾರರನ್ನು ಮೇಲೂ ವಲಸೆಯವರನ್ನು ಕೆಳಗೂ ಹೊತ್ತು ಸಮುದ್ರ ದಾಟಿತು. ಯುದ್ಧ ಬಂದಾಗ ಬೂದಿಬಣ್ಣ ಬಳಿಸಿಕೊಂಡು ಸೈನಿಕರನ್ನು ಹೊತ್ತಿತು, ಮರಳುವಾಗ ಗಾಯಾಳುಗಳನ್ನು ಹೊತ್ತಿತು. ಯುದ್ಧ ಮುಗಿದು ದುರಸ್ತಿಗೆ ಅದೇ ಯಾರ್ಡಿಗೆ ಬಂದಾಗ ಹೆಕ್ಟರ್ ಚುಟ್ಟದ ಕೋಣೆಯ ಕೆಲಸ ತನಗೇ ಬೇಕೆಂದು ಕೇಳಿ ತೆಗೆದುಕೊಂಡಿದ್ದ. ಬೇರೆ ಯಾರನ್ನೂ ಆ ಗೋಡೆಯ ಹತ್ತಿರ ಬಿಡಲಿಲ್ಲ. 'ಆ ಹಲಗೆಗಳು ಗಟ್ಟಿಯಾಗಿವೆ, ಬಿಚ್ಚೋದು ಬೇಡ' ಎನ್ನುತ್ತಿದ್ದ. ಕೆಲಸದ ಮೇಲೆ ಎಷ್ಟು ಅಭಿಮಾನ ಎಂದು ಎಫಿ ಊರೆಲ್ಲ ಹೇಳಿಕೊಂಡಿದ್ದಳು. ಕಡೆಕಡೆಗೆ ಹಡಗು ಪ್ರಯಾಣಿಕರು ಸಿಗದೆ, ಅಗ್ಗದ ದರದಲ್ಲಿ ಜನರನ್ನು ಬಿಸಿಲು ಕಾಯಿಸಲು ತೆಂಕಣ ದ್ವೀಪಗಳಿಗೆ ಒಯ್ಯಿತು. ಆಮೇಲೆ ನದಿಯ ಬಾಯಲ್ಲಿ ಎರಡು ವರ್ಷ ಲಂಗರು ಹಾಕಿ ತುಕ್ಕು ಹಿಡಿಯಿತು. ಹೆಕ್ಟರನೂ ಅಷ್ಟರಲ್ಲಿ ಕೆಲಸವಿಲ್ಲದೆ ಮೂಲೆಯ ಗೋಡೆಗೊರಗಿ ನಿಲ್ಲುವವರ ಸಾಲು ಸೇರಿದ್ದ. ಈ ಪೇಯ್ಸ್ಲಿಯ ಕೆಲಸ ಬಂದಾಗ ಅವನು ಹೋಗಬೇಡ ಎಂದಿದ್ದ. ಅದು ಗಂಡಸಿನ ಅಭಿಮಾನ ಎಂದುಕೊಂಡು ಅವಳು ಬಂದಿದ್ದಳು.

ಸಂಜೆ ಅವಳು ಯಾರ್ಡಿನ ಬದಿಯ ಗೋವನ್ ಕೇರಿಯ ತಮ್ಮ ಮನೆಯ ಮೆಟ್ಟಿಲು ಹತ್ತಿದಾಗ ಹೆಕ್ಟರ್ ಆಲೂಗಡ್ಡೆ ಬೇಯಿಸಿಟ್ಟು, ಮೀನಿಗೆ ಓಟ್ಸ್ ಹಿಟ್ಟು ಹಚ್ಚುತ್ತಿದ್ದ. ಜೂನ್ ತಿಂಗಳು, ಹೊರಗೆ ಇನ್ನೂ ಹಗಲೇ ಇತ್ತು. ಬೀದಿಯಲ್ಲಿ ಹೆಣ್ಣುಮಕ್ಕಳು ಹಗ್ಗದಾಟ ಆಡುತ್ತಿದ್ದರು.

"ಕೋಟು ಬಿಚ್ಚು, ಕೂತ್ಕೋ," ಎಂದ ಅವನು.

ಅವಳು ಕೋಟು ಬಿಚ್ಚಲಿಲ್ಲ. ನೇರ ಅಮ್ಮನ ಹಳೆ ಪೆಟ್ಟಿಗೆಗೆ ಹೋಗಿ ಬಟ್ಟೆಗಳ ಅಡಿಯಿಂದ ಲಾಕಿಯ ಪ್ರತಿಜ್ಞೆಯ ಚೌಕಟ್ಟನ್ನು ತೆಗೆದು, ಮೇಜಿನ ಮೇಲೆ ಅವನ ತಟ್ಟೆಯ ಪಕ್ಕ ಇಟ್ಟಳು. ನೀಲಿ ರಿಬ್ಬನ್ ಬೂದಿ ಬಣ್ಣಕ್ಕೆ ತಿರುಗಿತ್ತು.

ಹೆಕ್ಟರ್ ಅದನ್ನು ನೋಡಿದ. ಕೈಗೆ ಹತ್ತಿದ ಹಿಟ್ಟನ್ನು ನಿಧಾನವಾಗಿ ಉದುರಿಸಿದ.

"ಓದಿದ್ಯಾ?"

"ಓದ್ದೆ."

"ಚುಟ್ಟದ ಕೋಣೆ ಒಲೆಯಿಂದ ಎಡಕ್ಕೆ ಮೂರನೇದು," ಎಂದ, ಅವಳು ಕೇಳಿದಳೇನೋ ಎನ್ನುವ ಹಾಗೆ. "ಅದು ಆ ಲಾರೀಲಿ ಬರದೇ ಇರ್ಲಿ ಅಂತ ಬೇಡ್ಕೊಂಡಿದ್ದೆ."

"ನಿನ್ನ ಬಾಯಿಂದ ಹೇಳು. ಮರದ ಮೇಲಿಂದು ಬೇಡ."

ಅವನು ಕೂತ. ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ಹೊಸ ವರ್ಷದ ನಾಲ್ಕನೇ ದಿನಕ್ಕೆ ಹಡಗಿನ ಮಾಲೀಕರು ನೋಡಲು ಬರುವುದಿತ್ತು. ಗುಮ್ಮಟದ ಸುತ್ತಿನ ಪಟ್ಟಿ ಮುಗಿದಿರಲಿಲ್ಲ. ಸಾರುವೆಯ ಹಲಗೆಗಳನ್ನು ಕಟ್ಟಬೇಕಾದವರು ಕುಡಿದು ಎಲ್ಲೋ ಬಿದ್ದಿದ್ದರು. ಯಾರ್ಡಿನಲ್ಲಿ ಕುಡಿಯದೆ ನಿಂತಿದ್ದವನು ಲಾಕಿ ಒಬ್ಬನೇ. ಅದಕ್ಕೇ ಗೆಮೆಲ್ ಅವನನ್ನೇ ಕರೆದ. 'ನಿನ್ನ ಕಾಲು ನಡುಗಲ್ಲ, ನೀನು ಹತ್ತು' ಎಂದ.

"ಕುಡಿದಿಲ್ಲ ಅಂತಾನೇ ಹತ್ತಿಸ್ದ," ಎಂದಳು ಎಫಿ.

"ಹೂಂ."

"ಕುಡಿದಿದ್ದ ಅಂತ ನೀನು ಹೇಳ್ದೆ."

"ಗೆಮೆಲ್ ಮನೆಗೆ ಬಂದಿದ್ದ. ಈ ಮಾತು ಹೇಳಿದ್ರೆ ಬಡ್ತಿ, ಹೇಳ್ದಿದ್ರೆ ನದಿ ಉದ್ದಕ್ಕೂ ಒಂದು ಯಾರ್ಡಲ್ಲೂ ನಂಗೆ ಕೆಲಸ ಸಿಗಲ್ಲ ಅಂದ. ಲಾಕಿ ಹೋಗಿಯಾಗಿತ್ತು ಎಫಿ. ಸತ್ತೋನಿಗೆ ಏನಂದ್ರೆ ಏನು ಅಂದ್ಕೊಂಡೆ. ನಿಮ್ಮಮ್ಮನ ಮುಖ ನಂಗೆ ಆಗ ಗೊತ್ತೇ ಇರ್ಲಿಲ್ಲ. ನಿನ್ನ ಮುಖಾನೂ ಗೊತ್ತಿರ್ಲಿಲ್ಲ."

"ಆಮೇಲೆ ಗೊತ್ತಾಯ್ತಲ್ಲ. ಎಂಟು ವರ್ಷ ನಮ್ಮಮ್ಮನ ಕೈಯಡುಗೆ ಊಟ ಮಾಡಿದ್ಯಲ್ಲ."

ಅವನು ತಲೆಯೆತ್ತಲಿಲ್ಲ. "ತಡ್ಕೊಳಕ್ಕೆ ಆಗ್ಲಿಲ್ಲ. ಅದಕ್ಕೇ ಬರ್ದೆ."

"ಎಲ್ಲಿ ಬರ್ದೆ? ಗೋಡೆ ಕಡೆಗೆ ಬರ್ದೆ. ಬರ್ದು ಮೊಳೆ ಹೊಡ್ದೆ. ಆಮೇಲೆ ಅದರ ಮುಂದೆ ನನ್ನನ್ನ ಕೂರಿಸಿ ಪಾಲಿಶ್ ಮಾಡ್ಸಿ, ಚಾ ತಂದುಕೊಟ್ಟೆ."

ಒಲೆಯ ಮೇಲೆ ಕೊಬ್ಬು ಸುಟ್ಟು ಹೊಗೆಯೆದ್ದಿತು. ಅವನು ಎದ್ದು ಬಾಣಲೆ ಇಳಿಸಿದ. ಬೆನ್ನು ತಿರುಗಿಸಿಕೊಂಡೇ, "ಗೆಮೆಲ್ ಸತ್ತ, ನಿಮ್ಮಮ್ಮ ಸತ್ತರು. ಈಗ ಯಾರಿಗೆ ಹೇಳ್ಬೇಕು?" ಎಂದ.

"ಟೀನಿ ಬದುಕಿದಾಳೆ."

ಅವನು ಬಾಣಲೆಯನ್ನು ಒಲೆಯ ಪಕ್ಕಕ್ಕಿಟ್ಟ.

"ನಾಳೆ ಅವಳಿಗೆ ತೋರಿಸ್ತೀನಿ. ಕನ್ನಡಕ ಇಲ್ದಿದ್ರೆ ಅಕ್ಷರದ ಮೇಲೆ ಅವಳ ಬೆರಳು ಹಿಡಿದು ಓದಿಸ್ತೀನಿ. ನಿನಿಯನ್ ಎದುರಿಗೇ ಓದಿಸ್ತೀನಿ. ಕುಡುಕ ಅಂತ ಅವನ ಪೆಟ್ಟಿಗೇನ ನಮ್ಮ ಬಾಗಿಲಲ್ಲಿ ಇಟ್ಟುಹೋದಳಲ್ಲ, ಅವಳಿಗೆ ಅದು ಗೊತ್ತಾಗ್ಬೇಕು. ಇವತ್ತೇ ಹೇಳ್ಬೇಕಿತ್ತು. ಮೊದಲು ನಿನ್ನ ಬಾಯಿಂದ ಕೇಳೋಣ ಅಂತ ಬಂದೆ."

"ತೋರ್ಸು," ಎಂದ ಹೆಕ್ಟರ್ ಬಹಳ ಮೆಲ್ಲಗೆ. "ತೋರ್ಸೋದೇ ಸರಿ."

ಆ ಒಂದು ಮಾತಿಗೆ ಎಫಿಗೆ ಅವನ ಮೇಲೆ, ಅವಳಿಗೇ ಬೇಡವಾಗಿದ್ದ ಒಂದು ಕರುಣೆ ಬಂತು. ನಲವತ್ತೊಂಬತ್ತಕ್ಕೇ ಬಾಗಿದ ಅವನ ಬೆನ್ನು ನೋಡಿದಳು. ಇಬ್ಬರೂ ತಣ್ಣಗಾದ ಮೀನು ತಿಂದರು. ಲಾಕಿಯ ಕಾಗದ ಮೇಜಿನ ಮೇಲೆಯೇ ಇತ್ತು, ಯಾರೂ ಅದನ್ನು ಸರಿಸಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ಅವಳು ಎದ್ದಾಗ ಹಾಸಿಗೆಯ ಅವನ ಬದಿ ತಣ್ಣಗಿತ್ತು. ನಿದ್ದೆ ಬಾರದೆ ನದಿಯ ಕಡೆ ಹೋಗಿರಬೇಕು ಎಂದುಕೊಂಡು ಕೆಟಲಿಗೆ ನೀರು ಹಿಡಿದಳು. ಆಗ ಕಿಟಕಿಯ ಕೆಳಗೆ ಅವನ ಬಡಗಿ ಸಾಮಾನಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಕೆಲಸವಿಲ್ಲದ ಈ ಮೂರು ವರ್ಷದಲ್ಲಿ ಗರಗಸ ಹೋಗಿತ್ತು, ಉಳಿಗಳು ಹೋಗಿದ್ದವು. ಅವನು ಮಾರದೆ ಉಳಿಸಿಕೊಂಡಿದ್ದು ಮರ ಹೆರೆದು ಸಮ ಮಾಡುವ ಉಜ್ಜುಗೊರಡು ಒಂದನ್ನೇ. ಎಫಿ ಮುಚ್ಚಳ ತೆರೆದಳು. ಅದು ಇರಬೇಕಾದ ಜಾಗದಲ್ಲಿ ಎಣ್ಣೆ ಬಟ್ಟೆ ಮಾತ್ರ ಇತ್ತು.

ಕೆಟಲನ್ನು ಅಲ್ಲೇ ಬಿಟ್ಟು ಅವಳು ಓಡಿದಳು. ಟ್ರಾಮು ಪ್ರತಿ ಮೂಲೆಯಲ್ಲೂ ನಿಂತಿತು. ಬುಟ್ಟಿ ಹೊತ್ತ ಹೆಂಗಸರು ಹತ್ತಿದರು, ಇಳಿದರು. ಕಂಡಕ್ಟರ್ ಹವಾಮಾನದ ಬಗ್ಗೆ ಏನೋ ಹೇಳಿದ. ಅವಳು ಸೀಟಿನ ಅಂಚಿನಲ್ಲಿ ಕೂತು, ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಸಿನಿಮಾ ಮಂದಿರದ ಮೆಟ್ಟಿಲು ಹತ್ತುವಾಗಲೇ ನಗು ಕೇಳಿಸಿತು. ಚಹಾ ಕೋಣೆಯಲ್ಲಿ ನಿನಿಯನ್ ಒಂದು ಹಲಗೆಯನ್ನು ಹಿಡಿದು ನಿಂತಿದ್ದ. ಹೆಕ್ಟರ್ ಅಂಗಿ ತೋಳು ಮಡಿಸಿ, ಅದರ ಬುಡ ಸಮ ಮಾಡುತ್ತಿದ್ದ. ಟೀನಿ ಮೂಲೆಯಲ್ಲಿ ತಗಡಿನ ಬಕೆಟ್ಟಿನೊಳಗೆ ಬೆಂಕಿ ಮಾಡಿಕೊಂಡು ಕ್ಯಾನಿನಲ್ಲಿ ಚಹಾ ಕಾಸುತ್ತಿದ್ದಳು.

"ಬಂದ್ಲು ನೋಡು ರಾಣಿ!" ಎಂದಳು ಟೀನಿ. "ಗಂಡ ಐದೂವರೆಗೇ ಬಂದು ಬಾಗಿಲು ತಟ್ಟಿದಾನಂತೆ, ಇವಳಿಗೆ ಈಗ ಬೆಳಗಾಯ್ತು."

"ಒಳ್ಳೇದಾಯ್ತು ಬಿಡಿ ಮಿಸೆಸ್ ಲೈಲ್," ಎಂದ ನಿನಿಯನ್. "ನಾನೊಬ್ನೇ ಆಗಿದ್ರೆ ಶನಿವಾರಕ್ಕೆ ಮುಗೀತಿರ್ಲಿಲ್ಲ. ಈ ಹಲಗೆಗಳ ಬೆನ್ನು ಡೊಂಕಾಗಿದೆ, ಗೋಡೆಗೆ ಕೂರಲ್ಲ ಅಂತ ನಂಗೆ ಹೊಳೆದೇ ಇರ್ಲಿಲ್ಲ. ಹೆಕ್ಟರ್ ನೋಡಿದ ತಕ್ಷಣ ಹೇಳ್ದ. ಎಲ್ಲಾನೂ ಉಜ್ಜಿ ಸಪಾಟ ಮಾಡ್ಬಿಟ್ಟ. ಕೈ ಇನ್ನೂ ಹಾಗೇ ಇದೆ."

ಹಲಗೆಗಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು, ಬೆನ್ನು ಈಚೆಗೆ. ಪ್ರತಿಯೊಂದರ ಬೆನ್ನ ನಡುವೆಯೂ ಆಗ ತಾನೇ ಕಡಿದ ಹಾಗೆ ತಿಳಿಗೆಂಪು ಪಟ್ಟೆ. ಕತ್ತೆ ಇರಲಿಲ್ಲ, ಟೋಪಿಯೂ ಇರಲಿಲ್ಲ. ಯುದ್ಧಕ್ಕೆ ಹೋಗಿ ಬಾರದವರ ಹೆಸರುಗಳಿರಲಿಲ್ಲ. ಒಂದನ್ನೇ ಉಜ್ಜಿದರೆ ಕಾಣುತ್ತದೆಂದು ಅವನು ಎಲ್ಲವನ್ನೂ ಉಜ್ಜಿದ್ದ. ಯಾವುದು ಒಲೆಯ ಎಡಕ್ಕಿದ್ದ ಮೂರನೆಯದು ಎಂದು ಈಗ ಹೇಳುವಂತಿರಲಿಲ್ಲ.

ಎಫಿ ನೆಲ ನೋಡಿದಳು. ಯಾರೋ ಗುಡಿಸಿದ್ದರು.

"ಸಿಪ್ಪೆ ಎಲ್ಲಿ?"

"ಯಾವ ಸಿಪ್ಪೆ?"

"ಉಜ್ಜಿದ್ದು. ಸುರುಳಿ."

"ಇಲ್ಲಿ," ಎಂದು ಟೀನಿ ಬಕೆಟ್ ತೋರಿಸಿದಳು. "ಒಣಗಿದ ಮಹಾಗನಿ ಕಣೆ, ಎಣ್ಣೆ ಹಾಕಿದ ಹಂಗೆ ಉರೀತು. ಸಾಹುಕಾರರ ಸೌದೇಲಿ ಕಾಸಿದ ಚಾ ಇದು. ತಗೋ, ನಿನಗೆ ಮೊದಲ ಲೋಟ."

ಬಕೆಟ್ಟಿನಲ್ಲಿ ಬೂದಿಯ ಸುರುಳಿಗಳು ಇನ್ನೂ ಆಕಾರ ಬಿಡದೆ ಒಂದರ ಮೇಲೊಂದು ಕೂತಿದ್ದವು. ಟೀನಿ ಕ್ಯಾನನ್ನು ಎತ್ತಿದ ಗಾಳಿಗೆ ಕುಸಿದವು. ಎಫಿಯ ಕೈಗೆ ಲೋಟ ಬಂತು. ಬಿಸಿ ತಾಗಿದರೂ ಅವಳು ಅದನ್ನು ಬಿಡಲಿಲ್ಲ.

ಹೆಕ್ಟರ್ ಅವಳ ಕಡೆ ನೋಡಲಿಲ್ಲ. ಅವನೂ ನಿನಿಯನ್ನನೂ ಮೊದಲ ಹಲಗೆಯನ್ನು ಎತ್ತಿ ಗೋಡೆಗೆ ಒತ್ತಿ ಹಿಡಿದರು. ಹೆಕ್ಟರ್ ಹಿತ್ತಾಳೆಯ ತಿರುಪುಗಳನ್ನು, ಬಡಗಿಗಳು ಮಾಡುವ ಹಾಗೆ, ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡ.

"ಟೀನಿ," ಎಂದಳು ಎಫಿ. "ಲಾಕಿ ಅವತ್ತು ಕುಡಿದಿರ್ಲಿಲ್ಲ."

ಟೀನಿ ಲೋಟಕ್ಕೆ ಸಕ್ಕರೆ ಹಾಕುತ್ತಿದ್ದವಳು ತಲೆಯೆತ್ತಿದಳು.

"ಏನೇ ಇದು ಬೆಳಬೆಳಿಗ್ಗೆ?"

"ಕುಡಿದಿರ್ಲಿಲ್ಲ. ಅವನು ಯಾವತ್ತೂ ಕುಡಿದಿಲ್ಲ. ಹಗ್ಗ ಕಟ್ಟದ ಸಾರುವೆ ಅದು, ಗೆಮೆಲ್ ಹತ್ತಿಸ್ದ. ಅದು ಬರ್ದಿತ್ತು. ನಿನ್ನೆ ಆ ಹಲಗೆ ಮೇಲೆ ಬರ್ದಿತ್ತು."

"ನಿನ್ನೆ ಹೆಸರು, ತಾರೀಖು ಅಂದ್ಯಲ್ಲೇ."

"ಸುಳ್ಳು ಹೇಳ್ದೆ."

ಟೀನಿ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಚಿಕ್ಕ ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದಳು. "ತಂಗಿ ನೀನು. ನೀನು ಹಾಗನ್ನದೆ ಇನ್ಯಾರು ಅಂತಾರೆ? ನಿನ್ನೆ ಆ ಹಳೆ ಹೆಸರುಗಳನ್ನೆಲ್ಲ ಓದಿ ತಲೆ ಕೆಡಿಸ್ಕೊಂಡಿದೀಯ. ನನ್ನ ಕುಡುಕ ಸತ್ತಾಗ ಅವನ ಅಕ್ಕಾನೂ ಹೀಗೇ ಅಂದಿದ್ಲು. ಕುಡಿ, ಚಾ ಆರುತ್ತೆ."

"ಹೆಕ್ಟರ್ ಪಕ್ಕದಲ್ಲೇ ಇದ್ದ. ಬರ್ದಿದ್ದು ಅವನೇ. ಕೇಳು ಅವನ್ನ."

ಕೆಳಗೆ ಯಾರೋ ಕುರ್ಚಿಗಳನ್ನು ನೆಲಕ್ಕೆ ಬಿಗಿಯುತ್ತಿದ್ದ ಸದ್ದು ಬರುತ್ತಿತ್ತು. ಟೀನಿ ಹೆಕ್ಟರನ ಕಡೆ ತಿರುಗಿದಳು. ನಿನಿಯನ್ ಹಲಗೆ ಒತ್ತಿ ಹಿಡಿದುಕೊಂಡೇ ಕತ್ತು ಹೊರಳಿಸಿದ.

ಹೆಕ್ಟರನ ಬಾಯಲ್ಲಿ ತಿರುಪುಗಳಿದ್ದವು. ಒಂದನ್ನು ತೆಗೆದು ತೂತಿಗಿಟ್ಟು ತಿರುಗಿಸಿದ. ಎರಡನೆಯದನ್ನು ತೆಗೆದ. ಅವಸರ ಮಾಡಲಿಲ್ಲ. ಮೂರನೆಯದು, ನಾಲ್ಕನೆಯದು. ಮೂವರೂ ಕಾದರು. ಕೊನೆಯ ತಿರುಪು ತುಟಿಯಿಂದ ಬಂದ ಮೇಲೆ ಬಾಯಿ ಖಾಲಿಯಾಯಿತು. ಅವನು ನಾಲಿಗೆಯಿಂದ ತುಟಿ ಸವರಿಕೊಂಡ.

"ನಿನಿಯನ್," ಎಂದ. "ನಿನ್ನ ಕಡೆ ಒಂಚೂರು ಎತ್ತು."

ನಿನಿಯನ್ ಎತ್ತಿದ. ಹೆಕ್ಟರ್ ಕೊನೆಯ ತಿರುಪನ್ನು ಬಿಗಿದ. ಬಿಗಿದ ಮೇಲೂ, ಯಾರ್ಡಿನಲ್ಲಿ ಕಲಿತ ಹಾಗೆ, ಅದರ ತಲೆಯ ಗೀರು ಉಳಿದವುಗಳ ಗೀರಿನ ನೇರಕ್ಕೆ ಬರುವವರೆಗೆ ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದ. ಐದೂ ಗೀರುಗಳು ನೆಟ್ಟಗೆ ನಿಂತವು.

ಟೀನಿ ನಗಲಿಲ್ಲ. ಚಮಚವನ್ನು ಲೋಟದೊಳಗೇ ಬಿಟ್ಟು, ಅವನ ಬೆನ್ನನ್ನು ನೋಡುತ್ತ ಕೂತಳು.

ಎಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು, ಅದರಲ್ಲಿ ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಉಂಡೆಯನ್ನು ಅರಗಿಗೆ ಅದ್ದಿ ಹಿಂಡಿದಳು. ನಿನ್ನೆಯ ಹೊಳಪಿನ ಮೇಲೆ, ಹಲಗೆ ಎತ್ತಿ ಹಿಡಿದಿದ್ದ ಜಾಗದಲ್ಲಿ, ಹೆಕ್ಟರನ ಐದೂ ಬೆರಳುಗಳು ಮೂಡಿದ್ದವು. ಅವಳು ಹೆಬ್ಬೆರಳಿನ ಗುರುತಿನಿಂದ ಅಳಿಸಲು ಶುರುಮಾಡಿದಳು.